ಚಿಕ್ಕ ಶಾಲಾ ಜಿಲ್ಲೆಯಲ್ಲಿ ಅಂಕಕ್ಕಿಂತ ಮೊದಲು ಲೆಕ್ಕ ನೋಡಿ

ಪ್ರಶ್ನೆ: ಬೆಂಗಳೂರಿನಿಂದ ಕ್ಯಾಲಿಫೋರ್ನಿಯಾದ ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿ ಪ್ರದೇಶಕ್ಕೆ ಬಂದು ನೆಲೆಸಿರುವ ಕುಟುಂಬ ನಮ್ಮದು, ಎಚ್-1ಬಿ ವೀಸಾದಲ್ಲಿದ್ದೇವೆ. ನಮ್ಮ ಶಾಲಾ ಜಿಲ್ಲೆಯಲ್ಲಿ ಇರುವುದು ಮೂರೇ ಶಾಲೆಗಳು, ಸುಮಾರು 900 ಮಕ್ಕಳು. ಮಗಳು ನಾಲ್ಕನೆಯ ತರಗತಿಯಲ್ಲಿದ್ದಾಳೆ. ಅವಳ ಶಾಲೆಯ ಮೂರನೆಯ ತರಗತಿಯಲ್ಲಿ ಪ್ರತಿ ವರ್ಷ 40 ಮಕ್ಕಳಿರುತ್ತಾರೆ. ಗಣಿತದಲ್ಲಿ ನಿಗದಿತ ಮಟ್ಟ ಮುಟ್ಟಿದವರು ಹಿಂದಿನ ವರ್ಷ ಶೇ. 62ರಷ್ಟಿದ್ದರು, ಕಳೆದ ವರ್ಷ ಶೇ. 50ಕ್ಕೆ ಇಳಿದಿದ್ದಾರೆ. ಡಿಸೆಂಬರಿನಲ್ಲಿ ಜಿಲ್ಲೆಯ ಹಣಕಾಸಿಗೆ ‘ಕ್ವಾಲಿಫೈಡ್’ ಎಂಬ ಮುದ್ರೆ ಬಿದ್ದಿದೆಯಂತೆ; ಒಂದು ಶಾಲೆಯನ್ನು ಮುಚ್ಚುವ ಮಾತೂ ಕೇಳಿಬರುತ್ತಿದೆ. ಊರಿನಲ್ಲಾಗಿದ್ದರೆ ಬಿಇಒ ಕಚೇರಿಗೆ ಹೋಗಿ ವಿಚಾರಿಸುತ್ತಿದ್ದೆವು. ಇಲ್ಲಿ ಯಾರನ್ನು ಕೇಳಬೇಕು? ಮಗಳನ್ನು ಪಕ್ಕದ ಜಿಲ್ಲೆಗೆ ಸೇರಿಸುವುದು ಒಳ್ಳೆಯದೇ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಆತಂಕಗಳಿವೆ, ಎರಡಕ್ಕೂ ಒಂದೇ ತೂಕ ಕೊಡಬೇಡಿ. ಅಂಕಗಳು ಇಳಿದದ್ದು ಬಹುಮಟ್ಟಿಗೆ ಸಣ್ಣ ಸಂಖ್ಯೆಗಳ ಸಹಜ ಏರಿಳಿತವಾಗಿರಬಹುದು. ಹಣಕಾಸಿಗೆ ಬಿದ್ದ ಮುದ್ರೆ ಮಾತ್ರ ನಿಜಕ್ಕೂ ಗಮನಿಸಬೇಕಾದ ಸಂಗತಿ. ಚಿಕ್ಕ ಶಾಲಾ ಜಿಲ್ಲೆಯೊಂದು ಹದಗೆಡುವಾಗ ಅದರ ಲಕ್ಷಣ ಮೊದಲು ಲೆಕ್ಕಪತ್ರದಲ್ಲಿ ಕಾಣುತ್ತದೆ. ಅನುಭವಿ ಶಿಕ್ಷಕರು ಬಿಟ್ಟುಹೋಗಿ, ಓದು ಕಲಿಸುವ ವಿಶೇಷ ಶಿಕ್ಷಕರ ಹುದ್ದೆ ರದ್ದಾಗಿ, ತರಗತಿಗಳು ದೊಡ್ಡದಾಗಿ, ಅಂಕಪಟ್ಟಿಯಲ್ಲಿ ಅದು ಕಾಣಿಸಿಕೊಳ್ಳುವ ಹೊತ್ತಿಗೆ ಎರಡು ಮೂರು ವರ್ಷಗಳು ಕಳೆದಿರುತ್ತವೆ. ಆದ್ದರಿಂದ ಆಡಳಿತ ಮತ್ತು ಹಣವನ್ನು ಮೊದಲು ವಿವರಿಸಿ, ಅಂಕಗಳ ವಿಷಯಕ್ಕೆ ಆಮೇಲೆ ಬರುತ್ತೇನೆ.

ಕರ್ನಾಟಕದಲ್ಲಿ ಬಿಇಒ, ಅವರ ಮೇಲೆ ಡಿಡಿಪಿಐ, ಅವರ ಮೇಲೆ ಆಯುಕ್ತರು ಎಂಬ ಏಣಿಯಿದೆ. ಸರ್ಕಾರಿ ಶಾಲೆಯ ಶಿಕ್ಷಕರ ಸಂಬಳ ರಾಜ್ಯದ ಖಜಾನೆಯಿಂದ ಬರುತ್ತದೆ. ಎಸ್‌ಡಿಎಂಸಿಯಲ್ಲಿ ಪೋಷಕರಿದ್ದರೂ ಶಿಕ್ಷಕರನ್ನು ನೇಮಿಸುವ ಅಥವಾ ತೆರಿಗೆ ಹಾಕುವ ಅಧಿಕಾರ ಆ ಸಮಿತಿಗಿಲ್ಲ. ಕ್ಯಾಲಿಫೋರ್ನಿಯಾದ ಶಾಲಾ ಜಿಲ್ಲೆಯ ಸ್ವರೂಪವೇ ಬೇರೆ. ಅದು ತನ್ನದೇ ಆದ ಒಂದು ಸ್ಥಳೀಯ ಸರ್ಕಾರ. ಸಾಮಾನ್ಯವಾಗಿ ಐದು ಮಂದಿ, ತೀರಾ ಚಿಕ್ಕದಾದರೆ ಮೂರು ಮಂದಿ ಸದಸ್ಯರ ಸ್ಕೂಲ್ ಬೋರ್ಡನ್ನು ನಾಲ್ಕು ವರ್ಷಗಳ ಅವಧಿಗೆ ಮತದಾರರು ಆರಿಸುತ್ತಾರೆ. ಜಿಲ್ಲೆಯ ದಿನನಿತ್ಯದ ಆಡಳಿತ ನಡೆಸುವ ಸೂಪರಿಂಟೆಂಡೆಂಟ್ ಆ ಬೋರ್ಡ್ ನೇಮಿಸಿಕೊಂಡ ನೌಕರರು. ಶಿಕ್ಷಕರ ಸಂಘದೊಡನೆ ವೇತನ ಒಪ್ಪಂದಕ್ಕೆ ಸಹಿ ಹಾಕುವುದು, ಬಜೆಟ್ ಅಂಗೀಕರಿಸುವುದು, ಶಾಲೆ ಮುಚ್ಚುವುದು ಎಲ್ಲವೂ ಆ ಬೋರ್ಡಿನ ಮತದಿಂದಲೇ ಆಗಬೇಕು. ನಗರಸಭೆಗೂ ಅದಕ್ಕೂ ಸಂಬಂಧವಿಲ್ಲ. ಮೇಯರಿಗೆ ಪತ್ರ ಬರೆದರೆ ಪ್ರಯೋಜನವಾಗುವುದಿಲ್ಲ. ರಾಜ್ಯದಲ್ಲಿ ಇಂಥ ಶಾಲಾ ಜಿಲ್ಲೆಗಳು ಸಾವಿರದ ಹತ್ತಿರ ಇವೆ. ಅವುಗಳ ಮೇಲಿರುವ 58 ಕೌಂಟಿ (ನಮ್ಮ ಕಂದಾಯ ಜಿಲ್ಲೆಯಂಥ ವಿಭಾಗ) ಶಿಕ್ಷಣ ಕಚೇರಿಗಳನ್ನು ಡಿಡಿಪಿಐ ಕಚೇರಿ ಎಂದುಕೊಳ್ಳಬೇಡಿ. ನಿಮ್ಮ ಶಾಲೆಯಲ್ಲಿ ಯಾವ ಶಿಕ್ಷಕರಿರಬೇಕು, ಯಾವ ಪಠ್ಯವಿರಬೇಕು ಎಂದು ಹೇಳುವ ಅಧಿಕಾರ ಅವುಗಳಿಗಿಲ್ಲ. ಅವುಗಳ ಮುಖ್ಯ ಹಿಡಿತ ಹಣಕಾಸಿನ ಮೇಲೆ.

ಆ ಹಿಡಿತ ಬಂದದ್ದು ಒಂದು ದೊಡ್ಡ ಅವಘಡದ ನಂತರ. ಕೊಲ್ಲಿಯ ಪೂರ್ವಕ್ಕಿರುವ ರಿಚ್ಮಂಡ್ ಶಾಲಾ ಜಿಲ್ಲೆ 1991ರ ಏಪ್ರಿಲ್‌ನಲ್ಲಿ ಹಣವಿಲ್ಲದೆ, ಶೈಕ್ಷಣಿಕ ವರ್ಷ ಮುಗಿಯಲು ಆರು ವಾರಗಳಿರುವಾಗಲೇ ಬಾಗಿಲು ಹಾಕುವುದಾಗಿ ಪ್ರಕಟಿಸಿತು. ಪೋಷಕರು ನ್ಯಾಯಾಲಯಕ್ಕೆ ಹೋದರು. ಮಕ್ಕಳಿಗೆ ಸಮಾನ ಶಿಕ್ಷಣ ಒದಗಿಸುವ ಅಂತಿಮ ಹೊಣೆ ರಾಜ್ಯದ್ದೇ ಎಂದು 1992ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ತೀರ್ಪು ನೀಡಿತು. ಅದೇ ಹೊತ್ತಿಗೆ, 1991ರಲ್ಲಿ, ಎಬಿ 1200 ಎಂಬ ಕಾನೂನು ಬಂತು. ಅಂದಿನಿಂದ ಪ್ರತಿ ಜಿಲ್ಲೆಯೂ ವರ್ಷಕ್ಕೆ ಎರಡು ಬಾರಿ, ಡಿಸೆಂಬರಿನಲ್ಲಿ ಮತ್ತು ಮಾರ್ಚಿನಲ್ಲಿ, ತನ್ನ ಹಣಕಾಸಿನ ಮಧ್ಯಂತರ ವರದಿಯನ್ನು ಕೌಂಟಿಗೆ ಒಪ್ಪಿಸಿ, ಈ ವರ್ಷ ಮತ್ತು ಮುಂದಿನ ಎರಡು ವರ್ಷಗಳ ಖರ್ಚನ್ನು ನಿಭಾಯಿಸಬಲ್ಲೆನೇ ಎಂದು ತಾನೇ ಘೋಷಿಸಬೇಕು. ನಿಭಾಯಿಸಬಲ್ಲೆ ಎಂದರೆ ‘ಪಾಸಿಟಿವ್’, ನಿಭಾಯಿಸಲು ಆಗದೇ ಹೋಗಬಹುದು ಎಂದರೆ ‘ಕ್ವಾಲಿಫೈಡ್’, ಈ ವರ್ಷವೋ ಮುಂದಿನ ವರ್ಷವೋ ಖಂಡಿತ ಆಗುವುದಿಲ್ಲ ಎಂದರೆ ‘ನೆಗೆಟಿವ್’. ನಿಮ್ಮ ಜಿಲ್ಲೆ ನಡುವಿನ ಮೆಟ್ಟಿಲಲ್ಲಿದೆ. ಶಾಲೆ ನಾಳೆಯೇ ಮುಚ್ಚಿಹೋಗುತ್ತದೆ ಎಂದು ಇದರ ಅರ್ಥವಲ್ಲ. ಈಗಿನ ಖರ್ಚು ಹೀಗೆಯೇ ಮುಂದುವರಿದರೆ ಮೂರು ವರ್ಷದೊಳಗೆ ಕೈ ಖಾಲಿಯಾಗಬಹುದು ಎಂದು ಅರ್ಥ. ಈ ಎಚ್ಚರಿಕೆಯನ್ನು ಬೋರ್ಡ್ ಪ್ರಾಮಾಣಿಕವಾಗಿ ಒಪ್ಪಿಕೊಂಡದ್ದನ್ನು ನಾನು ಒಳ್ಳೆಯ ಲಕ್ಷಣವೆಂದೇ ಭಾವಿಸುತ್ತೇನೆ. ಎಲ್ಲ ಸರಿಯಿದೆ ಎಂದು ಹೇಳುತ್ತಲೇ ಬಂದು ಒಂದು ದಿನ ರಾಜ್ಯದ ಮುಂದೆ ಕೈಯೊಡ್ಡುವ ಜಿಲ್ಲೆಯೇ ಹೆಚ್ಚು ಅಪಾಯಕಾರಿ.

ಹಾಗೆ ಕೈಯೊಡ್ಡಿದವುಗಳಲ್ಲಿ ನಿಮ್ಮದರಂಥ ಚಿಕ್ಕವೂ ಇವೆ. ಓಕ್ಲೆಂಡ್ ಮತ್ತು ಬರ್ಕ್ಲಿಗಳ ನಡುವಿನ ಎಮರಿವಿಲ್‌ನಲ್ಲಿ ಪಿಕ್ಸಾರ್‌ನಂಥ ಸಂಸ್ಥೆಯಿದೆ, ದೊಡ್ಡ ಅಂಗಡಿ ಸಂಕೀರ್ಣಗಳಿವೆ. ಆದರೂ ಅಲ್ಲಿನ ಎಮರಿ ಶಾಲಾ ಜಿಲ್ಲೆ 2001ರಲ್ಲಿ ರಾಜ್ಯದಿಂದ ತುರ್ತು ಸಾಲ ಪಡೆಯಬೇಕಾಯಿತು. ಫ್ರೆಸ್ನೋ ಬಳಿಯ ವೆಸ್ಟ್ ಫ್ರೆಸ್ನೋ ಎಂಬ ಪುಟ್ಟ ಪ್ರಾಥಮಿಕ ಜಿಲ್ಲೆ 2003ರಲ್ಲಿ ಅದೇ ದಾರಿ ಹಿಡಿದು, 2011ರಲ್ಲಿ ನೆರೆಯ ಜಿಲ್ಲೆಗಳೊಡನೆ ವಿಲೀನವಾಯಿತು. ರಾಜ್ಯದ ಸಾಲ ದೊಡ್ಡದಾದರೆ ಜನರು ಆರಿಸಿದ ಬೋರ್ಡ್ ತನ್ನ ಅಧಿಕಾರವನ್ನು ಕಳೆದುಕೊಂಡು ಕೇವಲ ಸಲಹಾ ಸಮಿತಿಯಾಗುತ್ತದೆ. ಹೊರಗಿನಿಂದ ಬಂದ ಆಡಳಿತಾಧಿಕಾರಿ ತೀರ್ಮಾನಗಳನ್ನು ಕೈಗೊಳ್ಳುತ್ತಾರೆ. ಸಾಲವನ್ನು ಬಡ್ಡಿಸಹಿತ ತೀರಿಸುವವರೆಗೂ ಮೇಲ್ವಿಚಾರಣೆ ತಪ್ಪುವುದಿಲ್ಲ. ಓಕ್ಲೆಂಡ್ 2003ರಲ್ಲಿ ಪಡೆದ ಸಾಲ ತೀರಿದ್ದು 2025ರಲ್ಲಿ. ಒಂದು ಇಡೀ ಪೀಳಿಗೆಯ ಮಕ್ಕಳು ಆ ಸಾಲದ ನೆರಳಿನಲ್ಲೇ ಶಾಲೆ ಮುಗಿಸಿದರು.

ಇನ್ನು ಹಣ ಎಲ್ಲಿಂದ ಬರುತ್ತದೆ ಎಂಬುದು. ಪಕ್ಕದ ಜಿಲ್ಲೆ ಶ್ರೀಮಂತವಾಗಿ ಕಾಣುವುದೇಕೆ ಎಂಬುದಕ್ಕೆ ಉತ್ತರವೂ ಇಲ್ಲಿಯೇ ಇದೆ. 1978ರಲ್ಲಿ ಮತದಾರರು ಅಂಗೀಕರಿಸಿದ ಪ್ರೊಪೊಸಿಷನ್ 13ರ ಪ್ರಕಾರ ಆಸ್ತಿ ತೆರಿಗೆಯ ಮೂಲ ದರ ಶೇ. 1, ಮನೆ ಕೈ ಬದಲಾಗದಿದ್ದರೆ ಅದರ ತೆರಿಗೆ ಮೌಲ್ಯ ವರ್ಷಕ್ಕೆ ಶೇ. 2ಕ್ಕಿಂತ ಹೆಚ್ಚು ಏರುವಂತಿಲ್ಲ. ಇದರಿಂದಾಗಿ ಶಾಲೆಗಳ ಹಣದ ಕೀಲಿಕೈ ಊರಿನಿಂದ ರಾಜ್ಯದ ರಾಜಧಾನಿ ಸ್ಯಾಕ್ರಮೆಂಟೊಗೆ ಹೋಯಿತು. 2013ರಿಂದ ಜಾರಿಯಲ್ಲಿರುವ ಎಲ್‌ಸಿಎಫ್‌ಎಫ್ ಎಂಬ ಸೂತ್ರ ಪ್ರತಿ ಜಿಲ್ಲೆಗೂ ತಲಾ ಮಗುವಿಗೆ ಒಂದು ಮೊತ್ತವನ್ನು ನಿಗದಿಪಡಿಸುತ್ತದೆ; ಪ್ರಾಥಮಿಕ ತರಗತಿಗಳಿಗೆ ಮೂಲ ಮೊತ್ತ ಈಗ 10,000 ಡಾಲರ್ ಆಸುಪಾಸಿನಲ್ಲಿದೆ. ಬಡ ಕುಟುಂಬದ ಮಕ್ಕಳು, ಸಾಕು ಪಾಲನೆಯಲ್ಲಿರುವ ಮಕ್ಕಳು ಮತ್ತು ಇಂಗ್ಲಿಷನ್ನು ಇನ್ನೂ ಕಲಿಯುತ್ತಿರುವ ಮಕ್ಕಳಿಗೆ ಅದರ ಮೇಲೆ ಶೇ. 20 ಹೆಚ್ಚುವರಿ ಸಿಗುತ್ತದೆ. ಸ್ಥಳೀಯ ಆಸ್ತಿ ತೆರಿಗೆಯಿಂದ ಬಂದದ್ದನ್ನು ಮೊದಲು ಲೆಕ್ಕಕ್ಕೆ ಹಿಡಿದು, ಕಡಿಮೆ ಬಿದ್ದದ್ದನ್ನು ರಾಜ್ಯ ತುಂಬುತ್ತದೆ. ಆದರೆ ಕೆಲವು ಜಿಲ್ಲೆಗಳಲ್ಲಿ ಆಸ್ತಿ ತೆರಿಗೆಯೇ ಸೂತ್ರದ ಮೊತ್ತವನ್ನು ಮೀರುತ್ತದೆ. ಆ ಹೆಚ್ಚಳವನ್ನು ಅವು ತಾವೇ ಇಟ್ಟುಕೊಳ್ಳಬಹುದು. ಇವನ್ನು ‘ಬೇಸಿಕ್ ಏಯ್ಡ್’ ಜಿಲ್ಲೆಗಳೆನ್ನುತ್ತಾರೆ. ಪಾಲೊ ಆಲ್ಟೊ, ಮೌಂಟನ್ ವ್ಯೂಗಳಂಥ, ದೊಡ್ಡ ಕಂಪನಿಗಳ ಆವರಣಗಳಿರುವ ಊರುಗಳಲ್ಲಿ ಹೀಗಾಗುತ್ತದೆ. ಒಂದೇ ರಸ್ತೆಯ ಈಚೆ ಬದಿಯ ಮಗುವಿಗೂ ಆಚೆ ಬದಿಯ ಮಗುವಿಗೂ ಸಾವಿರಾರು ಡಾಲರುಗಳ ವ್ಯತ್ಯಾಸ ಬರುವುದು ಈ ಕಾರಣಕ್ಕೆ. ಅದರಲ್ಲಿ ಆಚೆಯ ಬೋರ್ಡಿನ ಜಾಣತನವೂ ಇಲ್ಲ, ಈಚೆಯ ಬೋರ್ಡಿನ ದಡ್ಡತನವೂ ಇಲ್ಲ. ಇದು ನ್ಯಾಯವಲ್ಲ ಎಂದೇ ನನ್ನ ಅಭಿಪ್ರಾಯ. ಆದರೆ ನಿಮ್ಮ ಜಿಲ್ಲೆಯನ್ನು ಅಳೆಯುವಾಗ ಅದೇ ಬಗೆಯ ವರಮಾನವಿರುವ, ಅಷ್ಟೇ ಗಾತ್ರದ ಇನ್ನೊಂದು ಜಿಲ್ಲೆಯೊಡನೆ ಹೋಲಿಸಿ ನೋಡಬೇಕೇ ಹೊರತು ಪಾಲೊ ಆಲ್ಟೊ ಜೊತೆಗಲ್ಲ.

ನಿಮ್ಮದು ಸೂತ್ರದ ಹಣವನ್ನೇ ನಂಬಿರುವ ಜಿಲ್ಲೆ ಎಂದು ನಿಮ್ಮ ಪತ್ರದಿಂದ ಊಹಿಸುತ್ತೇನೆ. ಹಾಗಿದ್ದರೆ ಒಂದು ಸಂಗತಿಯನ್ನು ನಮ್ಮವರು, ಅಂದರೆ ಪ್ರತಿ ಚಳಿಗಾಲಕ್ಕೆ ಊರಿಗೆ ಹೋಗಿಬರುವ ಕುಟುಂಬಗಳು, ಚೆನ್ನಾಗಿ ತಿಳಿದಿರಬೇಕು. ಕ್ಯಾಲಿಫೋರ್ನಿಯಾ ಹಣ ಕೊಡುವುದು ದಾಖಲಾದ ಮಕ್ಕಳ ಸಂಖ್ಯೆಗಲ್ಲ, ಸರಾಸರಿ ದೈನಂದಿನ ಹಾಜರಾತಿಗೆ. ಜ್ವರ ಬಂದು ರಜೆ ಹಾಕಿದರೂ, ಮದುವೆಗೆಂದು ಅನುಮತಿ ಪಡೆದು ರಜೆ ಹಾಕಿದರೂ ಆ ದಿನದ ಹಾಜರಾತಿ ಎಣಿಕೆಗೆ ಬರುವುದಿಲ್ಲ. ವರ್ಷಕ್ಕೆ 180 ಶಾಲಾ ದಿನಗಳು. 10,000 ಡಾಲರನ್ನು 180ರಿಂದ ಭಾಗಿಸಿದರೆ ದಿನಕ್ಕೆ 55 ಡಾಲರ್ ಚಿಲ್ಲರೆ. ಟಿಕೆಟ್ ಅಗ್ಗವೆಂದು ಕ್ರಿಸ್‌ಮಸ್ ರಜೆಯ ಹಿಂದೆ ಒಂದು ವಾರ, ಮುಂದೆ ಸಂಕ್ರಾಂತಿ ಮುಗಿಯುವವರೆಗೆ ಎರಡು ವಾರ ಸೇರಿಸಿಕೊಂಡರೆ 15 ಶಾಲಾ ದಿನಗಳು ತಪ್ಪುತ್ತವೆ; ಒಂದು ಮಗುವಿನಿಂದ ಜಿಲ್ಲೆಗೆ 800 ಡಾಲರಿಗೂ ಮಿಕ್ಕಿ ನಷ್ಟ. ಇಂಥ ಮಕ್ಕಳು 50 ಮಂದಿ ಇದ್ದರೆ ನಷ್ಟ 40,000 ಡಾಲರ್ ದಾಟಿತು. ಅದು ದೊಡ್ಡ ಜಿಲ್ಲೆಗೆ ಲೆಕ್ಕಕ್ಕೇ ಬಾರದು, 900 ಮಕ್ಕಳ ಜಿಲ್ಲೆಗೆ ಅರೆಕಾಲಿಕ ಸಹಾಯಕರೊಬ್ಬರ ವೇತನ.

ಹಣವಷ್ಟೇ ಅಲ್ಲ. ಶಾಲಾ ದಿನಗಳಲ್ಲಿ ಶೇ. 10 ಅಥವಾ ಅದಕ್ಕಿಂತ ಹೆಚ್ಚು ತಪ್ಪಿಸಿದ ಮಗುವನ್ನು ‘ದೀರ್ಘಕಾಲಿಕ ಗೈರುಹಾಜರಿ’ಯ ಪಟ್ಟಿಗೆ ಸೇರಿಸುತ್ತಾರೆ, ಮತ್ತು ಆ ಪ್ರಮಾಣ ಎಂಟನೆಯ ತರಗತಿವರೆಗಿನ ಶಾಲೆಗಳ ಗುಣಮಟ್ಟದ ಅಳತೆಗಳಲ್ಲೊಂದು. 180ರಲ್ಲಿ ಶೇ. 10 ಎಂದರೆ 18 ದಿನ. ಊರಿನ 15 ದಿನದ ಮೇಲೆ ನೆಗಡಿ ಕೆಮ್ಮಿನ ಮೂರು ದಿನ ಸೇರಿದರೆ ಮುಗಿಯಿತು. ಚೆನ್ನಾಗಿ ಓದುವ ಮಗುವೂ ಆ ಪಟ್ಟಿಯಲ್ಲಿರುತ್ತದೆ. ಊರಿಗೆ ಹೋಗಬೇಡಿ ಎಂದು ನಾನು ಹೇಳುವುದಿಲ್ಲ. ಅಜ್ಜಿ ತಾತನ ಜೊತೆ ಕಳೆಯುವ ದಿನಗಳಿಗೆ ಬೆಲೆ ಕಟ್ಟಲಾಗದು. ಹೋಗುವ ಮುನ್ನ ಶಾಲೆಯ ಕಚೇರಿಯಲ್ಲಿ ‘ಇಂಡಿಪೆಂಡೆಂಟ್ ಸ್ಟಡಿ’ ಒಪ್ಪಂದವಿದೆಯೇ ಎಂದು ಕೇಳಿ. ಅದಕ್ಕೆ ಮುಂಚಿತವಾಗಿ ಸಹಿ ಹಾಕಿ, ಶಿಕ್ಷಕರು ಕೊಟ್ಟ ಕೆಲಸವನ್ನು ಮಗು ಮಾಡಿ ಒಪ್ಪಿಸಿದರೆ ಆ ದಿನಗಳು ಹಾಜರಾತಿಗೆ ಸೇರುತ್ತವೆ. ಜಿಲ್ಲೆಯ ಹಣಕಾಸಿನ ಬಗ್ಗೆ ಚಿಂತಿಸುವ ಪೋಷಕರ ಕೈಯಲ್ಲಿ ನೇರವಾಗಿರುವ ಉಪಾಯ ಇದೊಂದು.

ಎರಡನೆಯದು ಮನೆಮಾತಿನ ಅರ್ಜಿ. ಮಗುವನ್ನು ಶಾಲೆಗೆ ಸೇರಿಸುವಾಗ ತುಂಬುವ ‘ಹೋಮ್ ಲ್ಯಾಂಗ್ವೇಜ್ ಸರ್ವೇ’ಯಲ್ಲಿ ನಾಲ್ಕು ಪ್ರಶ್ನೆಗಳಿರುತ್ತವೆ: ಮಗು ಮೊದಲು ಮಾತಾಡಲು ಕಲಿತ ಭಾಷೆ ಯಾವುದು, ಮನೆಯಲ್ಲಿ ಮಗು ಹೆಚ್ಚಾಗಿ ಆಡುವ ಭಾಷೆ ಯಾವುದು, ನೀವು ಮಗುವಿನೊಡನೆ ಹೆಚ್ಚಾಗಿ ಆಡುವ ಭಾಷೆ ಯಾವುದು, ಮನೆಯ ಹಿರಿಯರು ಹೆಚ್ಚಾಗಿ ಆಡುವ ಭಾಷೆ ಯಾವುದು. ಮೊದಲ ಮೂರರಲ್ಲಿ ಯಾವುದಕ್ಕಾದರೂ ಕನ್ನಡ ಎಂದು ಬರೆದರೆ 30 ದಿನಗಳೊಳಗೆ ಎಲ್‌ಪ್ಯಾಕ್ ಎಂಬ ಇಂಗ್ಲಿಷ್ ಪರೀಕ್ಷೆ ನಡೆಸುತ್ತಾರೆ. ‘ಕನ್ನಡ ಎಂದು ಬರೆದರೆ ಮಗುವನ್ನು ಹಿಂದೆ ಕೂರಿಸುತ್ತಾರೆ’ ಎಂಬ ಮಾತು ನಮ್ಮವರಲ್ಲಿ ಬಾಯಿಂದ ಬಾಯಿಗೆ ಹರಡಿ, ಎಷ್ಟೋ ಮನೆಗಳಲ್ಲಿ ಕನ್ನಡ ಬಿಟ್ಟರೆ ಬೇರೆ ಮಾತಿಲ್ಲದಿದ್ದರೂ ನಾಲ್ಕೂ ಕಡೆ ಇಂಗ್ಲಿಷ್ ಎಂದು ಬರೆದುಬಿಡುತ್ತಾರೆ. ಇದು ತಪ್ಪು. ಮಗುವಿಗೆ ಇಂಗ್ಲಿಷ್ ಸಾಕಷ್ಟು ಬರುವುದಾದರೆ ಆ ಪರೀಕ್ಷೆಯಲ್ಲೇ ಅದು ತಿಳಿದು, ವಿಷಯ ಅಲ್ಲಿಗೇ ಮುಗಿಯುತ್ತದೆ. ಬಾರದಿದ್ದರೆ ಪ್ರತಿದಿನ ಇಂಗ್ಲಿಷ್ ಕಲಿಕೆಯ ನೆರವು ಪಡೆಯುವ ಹಕ್ಕು ಮಗುವಿಗೆ ಸಿಗುತ್ತದೆ. ಜಿಲ್ಲೆಗೆ ಆ ಮಗುವಿನ ಲೆಕ್ಕದಲ್ಲಿ ಶೇ. 20 ಹೆಚ್ಚುವರಿ ಹಣ ಬರುತ್ತದೆ. ಇಂಗ್ಲಿಷ್ ಬಲಿತ ಮೇಲೆ ಪರೀಕ್ಷೆ, ಶಿಕ್ಷಕರ ಅಭಿಪ್ರಾಯ ಮತ್ತು ನಿಮ್ಮ ಅಭಿಪ್ರಾಯವನ್ನು ಸೇರಿಸಿ ನೋಡಿ ಪಟ್ಟಿಯಿಂದ ಹೊರಗೆ ತರುತ್ತಾರೆ. ಇದ್ದದ್ದನ್ನು ಇದ್ದಂತೆ ಬರೆಯಿರಿ. ಜಿಲ್ಲೆಗೆ ಹಣ ಬರಲಿ ಎಂದು ಇಲ್ಲದ್ದನ್ನು ಬರೆಯುವುದೂ ಬೇಡ.

ಖರ್ಚಿನ ಕಡೆಯ ಚಿತ್ರ ಸರಳವಾಗಿದೆ, ಆದರೆ ಕಠಿಣವಾಗಿದೆ. ಬಜೆಟ್ಟಿನ ಐದರಲ್ಲಿ ನಾಲ್ಕು ಪಾಲು ವೇತನ ಮತ್ತು ಸೌಲಭ್ಯಗಳಿಗೆ ಹೋಗುತ್ತದೆ. ಶಿಕ್ಷಕರ ಪಿಂಚಣಿ ನಿಧಿಗೆ ಜಿಲ್ಲೆಗಳು ಕಟ್ಟಬೇಕಾದ ವಂತಿಗೆ 2013–14ರಲ್ಲಿ ವೇತನದ ಶೇ. 8.25 ಇದ್ದದ್ದು ಈಗ ಶೇ. 19.1ಕ್ಕೆ ಏರಿದೆ; ಬೋರ್ಡಿಗೆ ಇದರಲ್ಲಿ ಯಾವ ಆಯ್ಕೆಯೂ ಇಲ್ಲ. ವಿಶೇಷ ಅಗತ್ಯವುಳ್ಳ ಮಕ್ಕಳ ಶಿಕ್ಷಣದ ಹೆಚ್ಚುವರಿ ವೆಚ್ಚದಲ್ಲಿ ಶೇ. 40ರವರೆಗೆ ಭರಿಸುವುದಾಗಿ ಕೇಂದ್ರ ಸರ್ಕಾರ 1975ರಲ್ಲಿ ಮಾಡಿದ ವಾಗ್ದಾನ ಎಂದೂ ಈಡೇರಿಲ್ಲ. ಆ ಮಕ್ಕಳಿಗೆ ಬೇಕಾದದ್ದನ್ನು ಕೊಡಲೇಬೇಕು, ಕೊಡುವುದೇ ಧರ್ಮ. ಆದರೆ ಹೊರಗಿನ ವಿಶೇಷ ಶಾಲೆಗೆ ಒಂದು ಮಗುವನ್ನು ಕಳುಹಿಸಬೇಕಾಗಿ ಬಂದರೂ ಚಿಕ್ಕ ಜಿಲ್ಲೆಯ ವರ್ಷದ ಲೆಕ್ಕ ಏರುಪೇರಾಗುತ್ತದೆ. ಇದರ ಮೇಲೆ ಮಕ್ಕಳ ಸಂಖ್ಯೆಯೇ ಕುಸಿಯುತ್ತಿದೆ. ರಾಜ್ಯದ ಸಾರ್ವಜನಿಕ ಶಾಲೆಗಳಲ್ಲಿ 2019–20ರಲ್ಲಿ ಸುಮಾರು 61.6 ಲಕ್ಷ ಮಕ್ಕಳಿದ್ದರು, 2023–24ರಲ್ಲಿ 58.4 ಲಕ್ಷ. ಮನೆಯ ಬೆಲೆ ತಾಳಲಾರದೆ ಎಳೆಯ ಮಕ್ಕಳಿರುವ ಕುಟುಂಬಗಳು ಕೊಲ್ಲಿ ಪ್ರದೇಶವನ್ನು ಬಿಡುತ್ತಿರುವುದು ನಿಮ್ಮ ಕಣ್ಣಿಗೂ ಬಿದ್ದಿರಬಹುದು. ಹತ್ತು ಮಕ್ಕಳು ಹೋದರೆ ಒಂದು ಲಕ್ಷ ಡಾಲರ್ ವರಮಾನ ಹೋಗುತ್ತದೆ, ಆದರೆ ಆ ಹತ್ತು ಮಕ್ಕಳು ಎಂಟು ತರಗತಿಗಳಲ್ಲಿ ಚದುರಿರುವುದರಿಂದ ಒಬ್ಬ ಶಿಕ್ಷಕರನ್ನೂ ಕಡಿಮೆ ಮಾಡಲಾಗುವುದಿಲ್ಲ. ಚಿಕ್ಕ ಜಿಲ್ಲೆಯ ಸಂಕಟದ ತಿರುಳು ಇದೇ.

ಅದಕ್ಕೆ ಕೋವಿಡ್ ಕಾಲದ ಹಣದ ಕಥೆಯನ್ನೂ ಸೇರಿಸಬೇಕು. ಕೇಂದ್ರ ಸರ್ಕಾರ ಒಮ್ಮೆಗೆಂದು ಕೊಟ್ಟ ಆ ಹಣದ ಕೊನೆಯ ಕಂತನ್ನು ಯಾವ ಖರ್ಚಿಗೆಂದು 2024ರ ಸೆಪ್ಟೆಂಬರ್ 30ರೊಳಗೆ ಗೊತ್ತುಪಡಿಸಬೇಕಿತ್ತು. ಕೆಲವು ಜಿಲ್ಲೆಗಳು ಅದರಿಂದ ಗಾಳಿ ಶುದ್ಧೀಕರಣ ಯಂತ್ರ, ಪುಸ್ತಕ, ಬೇಸಿಗೆ ತರಗತಿಗಳಂಥ ಒಮ್ಮೆ ಮುಗಿಯುವ ಖರ್ಚು ಮಾಡಿದವು. ಕೆಲವು ಆಪ್ತಸಮಾಲೋಚಕರನ್ನೂ ಸಹಾಯಕರನ್ನೂ ಕಾಯಂ ಹುದ್ದೆಗಳಿಗೆ ನೇಮಿಸಿಕೊಂಡವು. ಎರಡನೆಯ ಗುಂಪಿನವರು ಈಗ ಕಷ್ಟದಲ್ಲಿದ್ದಾರೆ. ನಿಮ್ಮ ಬೋರ್ಡಿಗೆ ಕೇಳಬೇಕಾದ ಮೊದಲ ಪ್ರಶ್ನೆ ಇದೇ: ಆ ಹಣದಿಂದ ಸೃಷ್ಟಿಯಾದ ಹುದ್ದೆಗಳೆಷ್ಟು, ಅವಕ್ಕೆ ಈಗ ಹಣ ಎಲ್ಲಿಂದ ಬರುತ್ತಿದೆ?

ಓದಬೇಕಾದ ಕಾಗದ ಒಂದೇ ಸಾಕು. ಮಧ್ಯಂತರ ವರದಿ ನೂರಾರು ಪುಟಗಳಿದ್ದರೂ, ಅದರೊಳಗಿನ ‘ಮಲ್ಟಿ ಇಯರ್ ಪ್ರೊಜೆಕ್ಷನ್’ ಎಂಬ ಮೂರು ವರ್ಷಗಳ ಅಂದಾಜಿನ ಪುಟಗಳನ್ನು ತೆರೆದು ಮೂರು ಸಾಲು ನೋಡಿ. ಖರ್ಚು ವರಮಾನವನ್ನು ಮೀರಿದೆಯೇ, ಎಷ್ಟು? ಹಾಜರಾತಿಯನ್ನು ಮುಂದಿನ ಎರಡು ವರ್ಷಗಳಿಗೆ ಎಷ್ಟೆಂದು ಊಹಿಸಿದ್ದಾರೆ, ಅದು ಕಳೆದ ಮೂರು ವರ್ಷಗಳ ಓಟಕ್ಕೆ ಹೊಂದುತ್ತದೆಯೇ? ಕೊನೆಯ ವರ್ಷದಲ್ಲಿ ಮೀಸಲು ನಿಧಿ ಎಷ್ಟು ಉಳಿಯುತ್ತದೆ? 301ರಿಂದ 1,000ದವರೆಗಿನ ಹಾಜರಾತಿಯುಳ್ಳ ಜಿಲ್ಲೆಗೆ ರಾಜ್ಯ ನಿಗದಿಪಡಿಸಿದ ಕನಿಷ್ಠ ಮೀಸಲು ಒಟ್ಟು ಖರ್ಚಿನ ಶೇ. 4. ಕೇಳಲು ಇದು ಸಾಕೆನಿಸಬಹುದು, ಆದರೆ ಶೇ. 4 ಎಂದರೆ ಎರಡು ವಾರಗಳ ಖರ್ಚು. ಸ್ಥಳೀಯ ಸರ್ಕಾರಗಳ ಹಣಕಾಸು ಅಧಿಕಾರಿಗಳ ರಾಷ್ಟ್ರೀಯ ಸಂಘ ಎರಡು ತಿಂಗಳ ಖರ್ಚಿನಷ್ಟನ್ನು ಇಡುವಂತೆ ಸಲಹೆ ನೀಡುತ್ತದೆ. ಕಾನೂನಿನ ಕನಿಷ್ಠವನ್ನು ಮುಟ್ಟಿದ್ದೇವೆ ಎಂದು ಚಿಕ್ಕ ಜಿಲ್ಲೆಯೊಂದು ಸಮಾಧಾನ ಪಟ್ಟುಕೊಂಡರೆ ಅದನ್ನು ಒಪ್ಪಬೇಡಿ.

ವೇತನ ಒಪ್ಪಂದದ ಮೇಲೂ ಕಣ್ಣಿಡಿ. ಶಿಕ್ಷಕರಿಗೆ ಈ ಪ್ರದೇಶದಲ್ಲಿ ಬದುಕುವಷ್ಟು ಸಂಬಳ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಒಪ್ಪಂದಕ್ಕೆ ಬೋರ್ಡ್ ಒಪ್ಪಿಗೆ ನೀಡುವ ಮೊದಲು ಅದರಿಂದ ಈ ವರ್ಷ ಮತ್ತು ಮುಂದಿನ ವರ್ಷಗಳಲ್ಲಿ ಬೀಳುವ ಹೊರೆ ಎಷ್ಟು ಎಂಬುದನ್ನು ಸಾರ್ವಜನಿಕ ಸಭೆಯಲ್ಲಿ ಬಹಿರಂಗಪಡಿಸಬೇಕು, ಜಿಲ್ಲೆಗೆ ಅದನ್ನು ಭರಿಸುವ ಶಕ್ತಿಯಿದೆ ಎಂದು ಸೂಪರಿಂಟೆಂಡೆಂಟ್ ಮತ್ತು ಹಣಕಾಸು ಅಧಿಕಾರಿ ಲಿಖಿತವಾಗಿ ದೃಢೀಕರಿಸಬೇಕು ಎಂಬ ಕಾನೂನಿದೆ. ಆ ಪತ್ರ ಸಾಮಾನ್ಯವಾಗಿ ಸಭೆಯ ಕಾರ್ಯಸೂಚಿಯೊಂದಿಗೇ ಇರುತ್ತದೆ; ಓದುವವರು ಮಾತ್ರ ಬಹಳ ಕಡಿಮೆ.

ಅಂದಹಾಗೆ, ‘ಶಿಕ್ಷಕರಿಗೆ ಕೊಡಲು ಹಣವಿಲ್ಲ, ಹೊಸ ಕಟ್ಟಡಕ್ಕೆ ಮಾತ್ರ ಇದೆ’ ಎಂಬ ದೂರು ಪೋಷಕರ ನಡುವೆ ಆಗಾಗ ಬರುತ್ತದೆ. ಬಾಂಡ್ ಹಣ, ಅಂದರೆ ಸಾಲಪತ್ರಗಳನ್ನು ಮಾರಿ ಎತ್ತಿದ ಹಣ, ಕಟ್ಟಡಗಳಿಗೆ ಮಾತ್ರ ಮೀಸಲು. ಅದರಿಂದ ಸಂಬಳ ಕೊಡುವಂತಿಲ್ಲ. ಸಂಬಳಕ್ಕೆ ಬಳಸಬಹುದಾದ ಸ್ಥಳೀಯ ತೆರಿಗೆ ಎಂದರೆ ಪ್ರತಿ ನಿವೇಶನಕ್ಕೆ ಹಾಕುವ ‘ಪಾರ್ಸೆಲ್ ಟ್ಯಾಕ್ಸ್’. ಬೋರ್ಡ್ ಅದನ್ನು ಮತಕ್ಕೆ ಹಾಕಿದಾಗ ಮೂರರಲ್ಲಿ ಎರಡು ಪಾಲು ಮತ ಬೇಕು. ಶಾಲೆಯ ಫೌಂಡೇಷನ್ ಕೇಳುವ ದೇಣಿಗೆ ಪೂರ್ತಿ ಐಚ್ಛಿಕ.

ಈಗ ಅಂಕಗಳಿಗೆ ಬರೋಣ. ನೀವು ಕೊಟ್ಟ ಲೆಕ್ಕದಲ್ಲೇ ಉತ್ತರವಿದೆ. 40 ಮಕ್ಕಳಲ್ಲಿ ಶೇ. 62 ಎಂದರೆ 25 ಮಕ್ಕಳು, ಶೇ. 50 ಎಂದರೆ 20. ನಿಮ್ಮನ್ನು ಕಂಗೆಡಿಸಿದ 12 ಅಂಶಗಳ ಕುಸಿತದ ಹಿಂದೆ ಇರುವುದು ಐದು ಮಕ್ಕಳು. ಅವರೂ ಹಿಂದಿನ ವರ್ಷದ ಮಕ್ಕಳಲ್ಲ, ಬೇರೆಯೇ ತಂಡ. ಒಬ್ಬೊಬ್ಬ ಮಗುವೂ ಎರಡೂವರೆ ಅಂಶಗಳಷ್ಟು ತೂಗುವ ತರಗತಿಯಲ್ಲಿ, ಕಲಿಸುವವರು ಅವರೇ ಇದ್ದು, ಕಲಿಸುವ ರೀತಿ ಕಿಂಚಿತ್ತೂ ಬದಲಾಗದೆ ಹೋದರೂ ವರ್ಷದಿಂದ ವರ್ಷಕ್ಕೆ ಹತ್ತು ಹನ್ನೆರಡು ಅಂಶಗಳು ಮೇಲೆ ಕೆಳಗೆ ಆಗುವುದು ಸಾಮಾನ್ಯ. ಮುಂದಿನ ವರ್ಷ ಇದೇ ಸಂಖ್ಯೆ ಏರಿದಾಗ ಸೂಪರಿಂಟೆಂಡೆಂಟರು ಅದನ್ನು ತಮ್ಮ ಹೊಸ ಕಾರ್ಯಕ್ರಮದ ಫಲವೆಂದು ಹೇಳಿದರೆ, ಅದನ್ನೂ ಇಷ್ಟೇ ಎಚ್ಚರಿಕೆಯಿಂದ ಸ್ವೀಕರಿಸಿ.

ಹಾಗೆಂದು ಅಂಕಗಳನ್ನು ಕಡೆಗಣಿಸಿ ಎನ್ನುತ್ತಿಲ್ಲ. ಮೂರನೆಯಿಂದ ಎಂಟನೆಯ ತರಗತಿಯವರೆಗೆ ಮತ್ತು ಹನ್ನೊಂದನೆಯ ತರಗತಿಯಲ್ಲಿ ನಡೆಯುವ ರಾಜ್ಯ ಪರೀಕ್ಷೆಯ ಫಲಿತಾಂಶವನ್ನು ಮೂರು ರೀತಿಯಲ್ಲಿ ನೋಡಿದರೆ ಚಿಕ್ಕ ಜಿಲ್ಲೆಯಲ್ಲೂ ಅರ್ಥ ಸಿಗುತ್ತದೆ. ಮೊದಲನೆಯದಾಗಿ, ಒಂದೇ ತಂಡವನ್ನು ಹಿಂಬಾಲಿಸಿ: ಕಳೆದ ವರ್ಷದ ಮೂರನೆಯ ತರಗತಿ ಈ ವರ್ಷ ನಾಲ್ಕರಲ್ಲಿ ಎಲ್ಲಿ ನಿಂತಿತು? ನಿಮ್ಮ ಮಗಳ ತಂಡಕ್ಕೆ ಇದೇ ಸರಿಯಾದ ಪ್ರಶ್ನೆ. ಎರಡನೆಯದಾಗಿ, ಮೂರು ವರ್ಷಗಳನ್ನು ಕೂಡಿಸಿ 120 ಮಕ್ಕಳ ಸರಾಸರಿ ತೆಗೆದು, ಅದರ ಹಿಂದಿನ ಮೂರು ವರ್ಷಗಳ ಸರಾಸರಿಯೊಡನೆ ಹೋಲಿಸಿ. ಮೂರನೆಯದಾಗಿ, ರಾಜ್ಯದ ಸರಾಸರಿಯನ್ನು ಪಕ್ಕದಲ್ಲಿಡಿ. ಗಣಿತದಲ್ಲಿ ಮಟ್ಟ ಮುಟ್ಟಿದವರು 2018–19ರಲ್ಲಿ ರಾಜ್ಯದಲ್ಲಿ ಶೇ. 40ರ ಹತ್ತಿರವಿದ್ದರು, ಕೋವಿಡ್ ನಂತರ ಕುಸಿದು, 2023–24ರಲ್ಲೂ ಶೇ. 35.5ರಷ್ಟೇ ಇದ್ದರು. ಮೂರನೆಯ ತರಗತಿಯ ಸರಾಸರಿ ಎಲ್ಲ ತರಗತಿಗಳ ಸರಾಸರಿಗಿಂತ ಮೇಲಿರುತ್ತದೆ ಎಂಬುದನ್ನು ಗಮನದಲ್ಲಿಟ್ಟುಕೊಂಡರೂ ನಿಮ್ಮ ಶಾಲೆಯ ಶೇ. 50 ಸೋತುಹೋದ ಶಾಲೆಯ ಅಂಕವಲ್ಲ.

ಶಾಲೆಗಳ ಸಾಧನೆಯನ್ನು ಬಣ್ಣ ಬಣ್ಣದ ಗುರುತುಗಳಿಂದ ತೋರಿಸುವ ರಾಜ್ಯದ ಡ್ಯಾಶ್‌ಬೋರ್ಡ್ ಎಂಬ ಜಾಲತಾಣದಲ್ಲಿ 30ಕ್ಕಿಂತ ಕಡಿಮೆ ಮಕ್ಕಳಿರುವ ಗುಂಪಿಗೆ ಸಾಮಾನ್ಯವಾಗಿ ಬಣ್ಣವೇ ಸಿಗುವುದಿಲ್ಲ. 11ಕ್ಕಿಂತ ಕಡಿಮೆಯಿದ್ದರೆ, ಮಕ್ಕಳ ಗುರುತು ಬಯಲಾಗದಿರಲೆಂದು ಅಂಕವನ್ನೇ ಮರೆಮಾಡುತ್ತಾರೆ. ಆದ್ದರಿಂದ ಚಿಕ್ಕ ಜಿಲ್ಲೆಯಲ್ಲಿ ಹಿಂದುಳಿದ ಸಣ್ಣ ಗುಂಪೊಂದು, ಉದಾಹರಣೆಗೆ ವಿಶೇಷ ಅಗತ್ಯವುಳ್ಳ ಮಕ್ಕಳು, ಯಾರ ಕಣ್ಣಿಗೂ ಬೀಳದೆ ಉಳಿದುಬಿಡಬಹುದು. ಇದು ನನ್ನನ್ನು ಸರಾಸರಿಯ ಏರಿಳಿತಕ್ಕಿಂತ ಹೆಚ್ಚು ಕಾಡುವ ವಿಷಯ. ಮನೆ ಮಾರುವ ತಾಣಗಳು ಶಾಲೆಗೆ ಹತ್ತರಲ್ಲಿ ಇಷ್ಟೆಂದು ಕೊಡುವ ಅಂಕಗಳಿಂದ ಇದಾವುದೂ ತಿಳಿಯುವುದಿಲ್ಲ. ಮನೆಯವರ ಓದು ಮತ್ತು ವರಮಾನ ಹೆಚ್ಚಿರುವ ಊರಿನಲ್ಲಿ ಅವು ತಾವಾಗಿಯೇ ಮೇಲಿರುತ್ತವೆ.

ಶಾಲೆ ಮುಚ್ಚುವ ಪ್ರಸ್ತಾಪದ ಬಗ್ಗೆ ಒಂದು ಎಚ್ಚರಿಕೆ ಹೇಳಬೇಕು. ಶಾಲೆ ಮುಚ್ಚಿದರೆ ದೊಡ್ಡ ಮೊತ್ತ ಉಳಿಯುತ್ತದೆ ಎಂಬ ಭಾವನೆ ಎಲ್ಲೆಡೆ ಇದೆ. ಮಕ್ಕಳು ಹೋದ ಕಡೆಗೆ ಶಿಕ್ಷಕರೂ ಹೋಗಬೇಕಾದ್ದರಿಂದ ನಿಜವಾಗಿ ಉಳಿಯುವುದು ಪ್ರಾಂಶುಪಾಲರು, ಕಚೇರಿ ಸಿಬ್ಬಂದಿ, ಕಟ್ಟಡ ನೋಡಿಕೊಳ್ಳುವವರ ವೇತನ ಮತ್ತು ವಿದ್ಯುತ್ ನೀರಿನ ಬಿಲ್ಲು. ಮುಚ್ಚಿದ್ದಕ್ಕೆ ಬೇಸತ್ತು 30 ಮಕ್ಕಳ ಕುಟುಂಬಗಳು ಜಿಲ್ಲೆಯನ್ನೇ ಬಿಟ್ಟರೆ ಸುಮಾರು ಮೂರು ಲಕ್ಷ ಡಾಲರ್ ವರಮಾನ ಹೋಗಿ, ಉಳಿತಾಯದ ಬಹುಪಾಲು ಕರಗುತ್ತದೆ. ಮುಚ್ಚಲೇಬಾರದು ಎಂಬುದು ನನ್ನ ವಾದವಲ್ಲ. ಅರ್ಧ ಖಾಲಿಯಾದ ಮೂರು ಕಟ್ಟಡಗಳಲ್ಲಿ ತೆಳುವಾಗಿ ಹರಡಿದ ಸಂಗೀತ ಮತ್ತು ವಿಜ್ಞಾನ ಶಿಕ್ಷಕರು ಎರಡು ಕಟ್ಟಡಗಳಲ್ಲಿ ಗಟ್ಟಿಯಾಗಿ ಸಿಗಬಹುದು. ಎಷ್ಟು ಕುಟುಂಬಗಳು ಬಿಡಬಹುದು ಎಂಬ ಅಂದಾಜನ್ನು ಸೇರಿಸದೆ ತೋರಿಸಿದ ಉಳಿತಾಯದ ಲೆಕ್ಕವನ್ನು ಮಾತ್ರ ಪೂರ್ಣವೆಂದು ಒಪ್ಪಬೇಡಿ.

ಯಾರನ್ನು ಕೇಳಬೇಕು ಎಂದಿರಿ. ಬೋರ್ಡನ್ನೇ ಕೇಳಬೇಕು. ಪೌರತ್ವವಿಲ್ಲದ ಪೋಷಕರಿಗೆ ಶಾಲಾ ಬೋರ್ಡ್ ಚುನಾವಣೆಯಲ್ಲಿ ಮತ ಹಾಕಲು ಸ್ಯಾನ್ ಫ್ರಾನ್ಸಿಸ್ಕೋ ನಗರ 2016ರಲ್ಲಿ ಅವಕಾಶ ಕೊಟ್ಟಿದೆ; ಅದು ಅಪವಾದ, ನಿಮ್ಮಲ್ಲಿ ಮತ ಇಲ್ಲವೆಂದೇ ತಿಳಿಯಿರಿ. ಆದರೆ ಮಾತಾಡಲು ಮತ ಬೇಕಿಲ್ಲ. 1953ರ ಬ್ರೌನ್ ಕಾಯ್ದೆಯಂತೆ ಸಾಮಾನ್ಯ ಸಭೆಯ ಕಾರ್ಯಸೂಚಿಯನ್ನು 72 ಗಂಟೆ ಮೊದಲೇ ಪ್ರಕಟಿಸಬೇಕು ಮತ್ತು ಯಾರು ಬೇಕಾದರೂ ಎದ್ದು ಮಾತಾಡಬಹುದು. ಸಾಮಾನ್ಯವಾಗಿ ಮೂರು ನಿಮಿಷ ಸಿಗುತ್ತದೆ. ಸಮಯದ ಮಿತಿ ಇಟ್ಟಿರುವಲ್ಲಿ ದುಭಾಷಿಯ ನೆರವಿನಿಂದ ಮಾತಾಡುವವರಿಗೆ ಕನಿಷ್ಠ ಅದರ ಎರಡು ಪಟ್ಟು ಕೊಡಬೇಕೆಂಬ ನಿಯಮವಿದೆ, ಆದ್ದರಿಂದ ಮೊಮ್ಮಗಳನ್ನು ಶಾಲೆಗೆ ಬಿಟ್ಟು ಕರೆತರುವ ಅಜ್ಜಿ ಕನ್ನಡದಲ್ಲೇ ಮಾತಾಡುವುದಕ್ಕೂ ಅಡ್ಡಿಯಿಲ್ಲ. ಕಾರ್ಯಸೂಚಿಯಲ್ಲಿಲ್ಲದ ವಿಷಯ ಎತ್ತಿದರೆ ಸದಸ್ಯರು ಚರ್ಚೆಗಿಳಿಯುವಂತಿಲ್ಲ. ಅವರು ಸುಮ್ಮನೆ ಕೇಳಿಸಿಕೊಂಡು ಮುಂದೆ ಹೋದರೆ ಅದು ತಾತ್ಸಾರವಲ್ಲ, ಕಾನೂನಿನ ಕಟ್ಟು. ಹಾಗಾಗಿ ನಿಮ್ಮ ಪ್ರಶ್ನೆಯನ್ನು ಸಭೆಗೆ ಒಂದು ವಾರ ಮೊದಲೇ ಇಮೇಲ್‌ನಲ್ಲಿ ಕಳುಹಿಸಿ, ಸಭೆಯಲ್ಲಿ ಅದನ್ನು ನೆನಪಿಸಿ. ಪ್ರತಿ ಶಾಲೆಯ ಸೈಟ್ ಕೌನ್ಸಿಲ್‌ಗೆ (ಶಿಕ್ಷಕರೂ ಪೋಷಕರೂ ಇರುವ ಸಮಿತಿ) ಮತ್ತು ಜಿಲ್ಲೆಯ ಪೋಷಕರ ಸಲಹಾ ಸಮಿತಿಗೆ ಸೇರಲು ಪೌರತ್ವ ಬೇಕಿಲ್ಲ. 900 ಮಕ್ಕಳ ಜಿಲ್ಲೆಯಲ್ಲಿ ಲೆಕ್ಕ ಓದಿಕೊಂಡು ಬರುವ ನಾಲ್ಕು ಪೋಷಕರಿದ್ದರೂ ಬೋರ್ಡಿನ ನಡವಳಿಕೆ ಬದಲಾಗುತ್ತದೆ.

ವರ್ಗಾವಣೆಯ ವಿಷಯದಲ್ಲಿ ನನ್ನ ಸಲಹೆ ಸ್ಪಷ್ಟ: ಈ ಶೈಕ್ಷಣಿಕ ವರ್ಷದಲ್ಲಿ ಬೇಡ. ಅಂತರ ಜಿಲ್ಲಾ ವರ್ಗಾವಣೆಗೆ ಎರಡೂ ಜಿಲ್ಲೆಗಳ ಒಪ್ಪಿಗೆ ಸಾಮಾನ್ಯವಾಗಿ ಬೇಕಾಗುತ್ತದೆ. ನಿರಾಕರಿಸಿದರೆ 30 ದಿನಗಳೊಳಗೆ ಕೌಂಟಿ ಶಿಕ್ಷಣ ಮಂಡಳಿಗೆ ಮೇಲ್ಮನವಿ ಸಲ್ಲಿಸಬಹುದು. ಮುಂದಿನ ವರ್ಷದ ಅರ್ಜಿಗೆ ಪಕ್ಕದ ಜಿಲ್ಲೆಯ ಕೊನೆಯ ದಿನಾಂಕ ಯಾವುದೆಂದು ಈಗಲೇ ತಿಳಿದುಕೊಂಡು, ಅರ್ಜಿಯನ್ನು ತುಂಬಿ ಕೈಯಲ್ಲಿಟ್ಟುಕೊಳ್ಳಿ. ಮಾರ್ಚ್ 15ರೊಳಗೆ ಕೆಲಸ ಕಳೆದುಕೊಳ್ಳಬಹುದಾದ ಶಿಕ್ಷಕರಿಗೆ ಪ್ರಾಥಮಿಕ ನೋಟಿಸ್ ಹೋಗಬೇಕು; ಹೆಚ್ಚು ಕಡಿಮೆ ಅದೇ ಹೊತ್ತಿಗೆ ಎರಡನೆಯ ಮಧ್ಯಂತರ ವರದಿ ಬೋರ್ಡಿನ ಮುಂದೆ ಬರುತ್ತದೆ. ಆ ಸಭೆಗೆ ಹೋಗಿ. ಕಡಿತಗಳನ್ನು ಹೆಸರಿಸಿ, ಮೊತ್ತ ನಮೂದಿಸಿ, ಮೂರನೆಯ ವರ್ಷಕ್ಕೂ ಶೇ. 4ಕ್ಕಿಂತ ಮೇಲಿನ ಮೀಸಲು ತೋರಿಸುವ ಯೋಜನೆಯನ್ನು ಬೋರ್ಡ್ ಮತಕ್ಕೆ ಹಾಕಿದರೆ, ಮುದ್ರೆ ಇನ್ನೂ ‘ಕ್ವಾಲಿಫೈಡ್’ ಎಂದೇ ಇದ್ದರೂ ಮಗಳನ್ನು ಅಲ್ಲಿಯೇ ಓದಿಸಿ. ‘ಮುಂದೆ ಗುರುತಿಸಲಾಗುವ ಕಡಿತಗಳು’ ಎಂಬ ಒಂದೇ ಸಾಲಿನಲ್ಲಿ ಲಕ್ಷಾಂತರ ಡಾಲರುಗಳನ್ನು ತುಂಬಿ ಲೆಕ್ಕ ಸರಿದೂಗಿಸಿದ್ದರೆ, ತುಂಬಿಟ್ಟ ಅರ್ಜಿಯನ್ನು ಸಲ್ಲಿಸಿ.